ಟೆಕ್ಸಾಸ್‌ನ ಹಳ್ಳಿ ಕೌಂಟಿಯಲ್ಲಿ ವಾರಂಟ್ ಇದೆಯಾ ಅಂತ ನೋಡುವುದು ಹೇಗೆ?

ಕಳೆದ ಚಳಿಗಾಲ ನಮ್ಮ ಮನೆಗೆ ಊಟಕ್ಕೆ ಬಂದ ಹುಡುಗನೊಬ್ಬ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ, "ಆಂಟಿ, ನನ್ನ ಹೆಸರಲ್ಲಿ ವಾರಂಟ್ ಇದೆ ಅನ್ಸತ್ತೆ" ಎಂದ. ಸೌಟು ಕೈಯಲ್ಲೇ ನಿಂತಿತು. ಒಂದೂವರೆ ವರ್ಷದ ಹಿಂದೆ ಡಾಲಸ್‌ನಿಂದ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ನೋಡಲು ಹೋಗಿದ್ದನಂತೆ. ದಾರಿಯಲ್ಲಿ ಸ್ಪೀಡಿಂಗ್ ಟಿಕೆಟ್ ಸಿಕ್ಕಿತು. ಅದನ್ನು ಕಾರಿನ ಡ್ಯಾಶ್‌ಬೋರ್ಡಿಗೆ ತುರುಕಿ ಮರೆತ. ಆಮೇಲೆ ಮನೆ ಬದಲಾಯಿತು, ಕೋರ್ಟಿನ ಕಾಗದ ಹಳೆ ವಿಳಾಸಕ್ಕೆ ಹೋಯಿತು. ಈಗ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಆಗುತ್ತಿಲ್ಲ.

ಬೆಂಗಳೂರಿನಲ್ಲಿ ಟ್ರಾಫಿಕ್ ದಂಡ ಹಾಗೇ ಬಿಟ್ಟು, 2023ರ ಫೆಬ್ರವರಿಯಂತೆ ಅರ್ಧ ರಿಯಾಯಿತಿ ಬಂದಾಗ ಕ್ಯೂ ನಿಂತು ಕಟ್ಟಿದವರು ನಾವು. ಆ ಅಭ್ಯಾಸ ಟೆಕ್ಸಾಸ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಸ್ಪೀಡಿಂಗ್ ಕೂಡ ಕ್ರಿಮಿನಲ್ ಕೇಸೇ, 'ಕ್ಲಾಸ್ ಸಿ' ಅನ್ನುವ ಸಣ್ಣ ದರ್ಜೆಯದು. ಹೇಳಿದ ದಿನದೊಳಗೆ ಉತ್ತರ ಕೊಡದಿದ್ದರೆ ಕೋರ್ಟಿಗೆ ಬಾರದ ತಪ್ಪಿಗೆ ಇನ್ನೊಂದು ಕೇಸ್ ಬೀಳಬಹುದು, ಅದರ ಹಿಂದೆಯೇ ವಾರಂಟ್ ಬರಬಹುದು.

ಹಾಗಾದರೆ ವಾರಂಟ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಲ್ಲರೂ ಮೊದಲು ಗೂಗಲ್‌ನಲ್ಲಿ ಹೆಸರು ಹಾಕುತ್ತಾರೆ. ಹಳ್ಳಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮಟ್ಟಿಗೆ ಅದು ಕೊನೆಗೆ ಮಾಡುವ ಕೆಲಸ. ಹೆಸರಿನಿಂದ ಅಲ್ಲ, ಕೋರ್ಟಿನಿಂದ ಶುರು ಮಾಡಿ.

ಟಿಕೆಟ್ ಕೊಟ್ಟವರು ಯಾರು?

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಬಿಗ್ ಬೆಂಡ್ ಇರುವ ಬ್ರೂಸ್ಟರ್ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನ ಮಾತ್ರ 2020ರ ಗಣತಿಯಲ್ಲಿ ಹತ್ತು ಸಾವಿರವೂ ಇರಲಿಲ್ಲ. ಲವಿಂಗ್ ಎಂಬ ಇನ್ನೊಂದು ಕೌಂಟಿಯಲ್ಲಿ ಅದೇ ಗಣತಿಯಲ್ಲಿ ಸಿಕ್ಕವರು 64 ಜನ. ನಮ್ಮಲ್ಲಿ ಒಂದು ಮದುವೆಗೆ ಬರುವ ವ್ಯಾನೇ ಅದಕ್ಕಿಂತ ತುಂಬಿರುತ್ತದೆ! ಆದರೂ ಪ್ರತಿ ಕೌಂಟಿಗೂ ತನ್ನದೇ ಕೋರ್ಟು, ತನ್ನದೇ ಕಡತ.

ಟಿಕೆಟ್ ಕೊಟ್ಟಿದ್ದು ರಾಜ್ಯದ ಹೆದ್ದಾರಿ ಪೊಲೀಸ್ ಅಥವಾ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಡೆಯವರಾದರೆ ಕೇಸ್ 'ಜಸ್ಟಿಸ್ ಆಫ್ ದಿ ಪೀಸ್' ಕೋರ್ಟಿನಲ್ಲಿರುತ್ತದೆ. ಜನ ಜೆಪಿ ಕೋರ್ಟ್ ಅನ್ನುತ್ತಾರೆ, ಅಲ್ಲಿನ ಜಡ್ಜೇ ಜೆಪಿ. ಒಂದು ಕೌಂಟಿಯಲ್ಲಿ ಎಂಟರ ತನಕ ಪ್ರೀಸಿಂಕ್ಟ್, ಅಂದರೆ ಒಳವಿಭಾಗ, ಇರಬಹುದು. ಹಾಗಾಗಿ ಯಾವ ಪ್ರೀಸಿಂಕ್ಟ್ ಅನ್ನುವುದೂ ಬೇಕು. ಊರಿನ ಪೊಲೀಸರು ಕೊಟ್ಟಿದ್ದಾದರೆ ಮುನ್ಸಿಪಲ್ ಕೋರ್ಟ್. ನ್ಯಾಷನಲ್ ಪಾರ್ಕಿನ ಒಳಗೆ ರೇಂಜರ್ ಕೊಟ್ಟಿದ್ದಾದರೆ ಕೌಂಟಿಗೆ ಅದರ ಗೊಡವೆಯೇ ಇಲ್ಲ, ಅದು ಕೇಂದ್ರ ಸರ್ಕಾರದ ಸೆಂಟ್ರಲ್ ವಯೊಲೇಷನ್ಸ್ ಬ್ಯೂರೋಗೆ ಹೋಗುತ್ತದೆ. ಎಷ್ಟೋ ಜನ ಇಲ್ಲೇ ದಾರಿ ತಪ್ಪಿ ವಾರಗಟ್ಟಲೆ ತಪ್ಪು ಆಫೀಸಿಗೆ ಫೋನ್ ಮಾಡುತ್ತಾರೆ.

ಕುಡಿದು ಗಾಡಿ ಓಡಿಸಿದಂಥ ದೊಡ್ಡ ಕೇಸುಗಳ ಕಡತ ಕೌಂಟಿ ಕ್ಲರ್ಕ್ ಅಥವಾ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ ಇರುತ್ತದೆ. ತೀರಾ ಚಿಕ್ಕ ಕೌಂಟಿಗಳಲ್ಲಿ ಎರಡೂ ಕುರ್ಚಿಯಲ್ಲಿ ಒಬ್ಬರೇ.

ಟಿಕೆಟ್ಟೇ ಕಳೆದುಹೋಗಿದ್ದರೆ? ಆವತ್ತಿನ ಫೋಟೋಗಳನ್ನು ತೆಗೆದು ನೋಡಿ. ನಮ್ಮ ಹುಡುಗ ಪೆಟ್ರೋಲ್ ಹಾಕಿಸಿದ ಬಿಲ್ಲು, ಗೂಗಲ್ ಮ್ಯಾಪ್ಸ್‌ನ ಹಳೆ ಟೈಮ್‌ಲೈನ್ ಎರಡನ್ನೂ ಇಟ್ಟುಕೊಂಡು ಯಾವ ಕೌಂಟಿ ಅಂತ ಪತ್ತೆ ಮಾಡಿದ. ಲೈಸೆನ್ಸ್ ತಡೆಹಿಡಿದಿದ್ದರೆ ಇನ್ನೊಂದು ದಾರಿಯೂ ಇದೆ. ಟೆಕ್ಸಾಸ್‌ನಲ್ಲಿ 'ಫೇಲ್ಯೂರ್ ಟು ಅಪಿಯರ್', ಅಂದರೆ ಕೋರ್ಟಿಗೆ ಬಾರದವರ, ಕಾರ್ಯಕ್ರಮದ ವೆಬ್‌ಸೈಟ್ ಇದೆ. ಅದರಲ್ಲಿ ಲೈಸೆನ್ಸ್ ನಂಬರ್ ಹಾಕಿದರೆ ತಡೆ ಹಾಕಿಸಿದ ಕೋರ್ಟ್ ಯಾವುದು ಅಂತ ತೋರಿಸುತ್ತದೆ. ಇದು ವಾರಂಟ್ ಪಟ್ಟಿ ಅಲ್ಲ, ಆದರೆ ಯಾವ ಬಾಗಿಲು ತಟ್ಟಬೇಕು ಅನ್ನುವುದು ಗೊತ್ತಾಗುತ್ತದೆ.

ಹೆಸರಿನ ಗೋಜಲು

ಈಗ ಕೌಂಟಿಯ ವೆಬ್‌ಸೈಟಿಗೆ ಹೋಗಿ. ಆನ್‌ಲೈನ್ ಕಡತ ಹುಡುಕುವ ಪುಟ ಇದ್ದರೆ ನಿಮ್ಮ ಅದೃಷ್ಟ. ಹಳ್ಳಿ ಕಡೆ ಎಷ್ಟೋ ಸಲ ಇರುವುದಿಲ್ಲ. ಇದ್ದರೂ ಜೆಪಿ ಕೋರ್ಟಿನ ಕೇಸುಗಳು ಅದರಲ್ಲಿ ಇಲ್ಲದಿರಬಹುದು.

ನಮ್ಮವರಿಗೆ ನಿಜವಾದ ತಲೆನೋವು ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರ ಇಡೀ ಹೆಸರನ್ನು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ರಸ್ತೆ ಬದಿ ಟಾರ್ಚ್ ಬೆಳಕಲ್ಲಿ ಟಿಕೆಟ್ ಬರೆಯುವ ಅಧಿಕಾರಿ ಅದನ್ನೇ ಹೆಸರು ಅಂದುಕೊಂಡು ಬರೆಯುತ್ತಾನೆ. ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಊರಿನ ಹೆಸರು ನಡುವೆ ಸೇರಿರುತ್ತದೆ. ಮಂಜುನಾಥನ ಕೊನೆಯಲ್ಲಿ ಇಂಗ್ಲಿಷಿನ 'ಎ' ಇದೆಯೋ ಇಲ್ಲವೋ, ಲತಾಗೆ 'ಎಚ್' ಇದೆಯೋ ಇಲ್ಲವೋ, ಕಂಪ್ಯೂಟರಿಗೆ ಅದೆಲ್ಲ ಬೇರೆ ಬೇರೆ ಜನ. ಹಾಗಾಗಿ ಹೆಸರು ಹಿಂದೆ ಮುಂದೆ ಮಾಡಿ ಹುಡುಕಿ. ಎಫ್‌ಎನ್‌ಯು ಸೇರಿಸಿ, ಬಿಟ್ಟು, ಎರಡೂ ರೀತಿ ನೋಡಿ. ಸರ್‌ನೇಮಿನ ಮೊದಲ ನಾಲ್ಕು ಅಕ್ಷರ ಮಾತ್ರ ಹಾಕಿ ನೋಡಿ. ಹುಟ್ಟಿದ ದಿನಾಂಕದಿಂದ ತಾಳೆ ಹಾಕಿ. ಏನೂ ಸಿಗಲಿಲ್ಲ ಅಂದರೆ ಕೇಸ್ ಇಲ್ಲ ಅಂತ ಖುಷಿಪಡಬೇಡಿ.

ಇಡೀ ರಾಜ್ಯದ ವಾರಂಟ್‌ಗಳನ್ನು ಜನರೇ ನೋಡಬಹುದಾದ ಪಟ್ಟಿ ಟೆಕ್ಸಾಸ್‌ನಲ್ಲಿ ಇಲ್ಲ. ಎಫ್‌ಬಿಐ 1967ರಿಂದ ನಡೆಸುತ್ತಿರುವ ಎನ್‌ಸಿಐಸಿ ಎಂಬ ದೇಶವ್ಯಾಪಿ ಡೇಟಾಬೇಸ್ ಪೊಲೀಸರಿಗೆ, ಕೋರ್ಟುಗಳಿಗೆ ಮಾತ್ರ. ಹಾಗಿದ್ದ ಮೇಲೆ 'ಎಲ್ಲಾ ಕೌಂಟಿಗಳ ವಾರಂಟ್ ಒಂದೇ ಕ್ಲಿಕ್‌ನಲ್ಲಿ' ಅನ್ನುವ ಖಾಸಗಿ ಸೈಟುಗಳು ತೋರಿಸುವುದಾದರೂ ಏನನ್ನು? ಕುತೂಹಲಕ್ಕೆ ನಾನೂ ಒಂದಕ್ಕೆ ದುಡ್ಡು ಕಟ್ಟಿದೆ. ನನ್ನ ಹಳೆ ಮೂರು ವಿಳಾಸ ಬಂತು, ಯಾರದೋ ಫೋನ್ ನಂಬರ್ ಬಂತು. ಮುಂದಿನ ತಿಂಗಳು ಕಾರ್ಡಿನಿಂದ ಮತ್ತೆ ದುಡ್ಡು ಹೋಯಿತು.

ಫೋನ್ ಮಾಡಿ

ಹಳ್ಳಿ ಕೌಂಟಿಯಲ್ಲಿ ಕೆಲಸ ಆಗುವುದು ಫೋನಿನಲ್ಲೇ. ಮಾಡಬೇಕಾದದ್ದು ಕೋರ್ಟ್ ಕ್ಲರ್ಕ್‌ಗೆ. ಹನ್ನೆರಡರಿಂದ ಒಂದರವರೆಗೆ ಊಟಕ್ಕೆ ಬಾಗಿಲು ಹಾಕುವ ಆಫೀಸುಗಳಿವೆ, ಬೆಳಿಗ್ಗೆಯೇ ಮಾಡಿ. ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಲೈಸೆನ್ಸ್ ನಂಬರ್, ಸುಮಾರಾಗಿ ಯಾವ ತಿಂಗಳು ಅನ್ನುವುದು ಕೈಯಲ್ಲಿರಲಿ. ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿ. ಕಥೆ ಬೇಡ. ಎಷ್ಟು ಸ್ಪೀಡಲ್ಲಿದ್ದೆ, ಯಾಕೆ ಮರೆತೆ ಅನ್ನುವುದನ್ನು ಕ್ಲರ್ಕ್‌ಗೆ ಹೇಳಿ ಉಪಯೋಗವಿಲ್ಲ, ಸುಮ್ನೆ ತೊಂದರೆ.

ಇಷ್ಟು ಕೇಳಿ ಬರೆದುಕೊಳ್ಳಿ: ಕೇಸ್ ನಂಬರ್ ಏನು, ವಾರಂಟ್ ಜಾರಿಯಲ್ಲಿದೆಯಾ, ಯಾವ ಬಗೆಯದು, ಎಷ್ಟು ಬಾಕಿ. ಬಗೆ ಮುಖ್ಯ. ಕೋರ್ಟಿಗೆ ಬರಲೇ ಇಲ್ಲ ಅಂತ ಹೊರಡಿಸಿದ್ದರೆ ಕೇಸ್ ಇನ್ನೂ ತೀರ್ಮಾನವಾಗಿಲ್ಲ, ಮಾತಾಡಲು ಜಾಗ ಇದೆ. 'ಕೇಪಿಯಸ್ ಪ್ರೊ ಫೈನ್' ಅಂದರೆ ತೀರ್ಪು ಆಗಿದೆ, ದಂಡ ಮಾತ್ರ ಬಾಕಿ.

ಬೇರೆಯವರ ವಾರಂಟಿನ ಪ್ರತಿ ನೋಡಬೇಕೆನ್ನುವವರಿಗೆ ಒಂದು ಮಾತು. ಟೆಕ್ಸಾಸ್ ಕಾನೂನಿನಲ್ಲಿ ಅರೆಸ್ಟ್ ವಾರಂಟ್ ಮತ್ತು ಅದಕ್ಕೆ ಆಧಾರವಾದ ಅಫಿಡವಿಟ್ ಅನ್ನು, ಆ ವಾರಂಟಿನಂತೆ ಆರೋಪಿಯನ್ನು ಹಿಡಿದ ಮೇಲೆ ಕ್ಲರ್ಕ್ ಆಫೀಸಿನಲ್ಲಿ ಯಾರು ಬೇಕಾದರೂ ನೋಡಬಹುದು. ಆರೋಪಿ ಸಿಗುವ ಮೊದಲೇ ತೋರಿಸಿ ಅಂದರೆ 'ಇಲ್ಲ' ಅನ್ನುವ ಉತ್ತರಕ್ಕೆ ತಯಾರಾಗಿರಿ.

ಶೆರಿಫ್ ಆಫೀಸಿನಲ್ಲೂ ವಾರಂಟ್ ಮಾಹಿತಿ ಇರುತ್ತದೆ. ಆದರೆ ನಿಮ್ಮದೇ ಹೆಸರು ಕೇಳಲು ಐಡಿ ಹಿಡಿದು ಕೌಂಟರಿಗೆ ಹೋದರೆ, ವಾರಂಟ್ ಇದ್ದ ಪಕ್ಷದಲ್ಲಿ ಅಲ್ಲಿಂದಲೇ ಒಳಗೆ ಹೋಗಬೇಕಾಗಬಹುದು. ಅನುಮಾನ ಬಲವಾಗಿದ್ದರೆ ಅಲ್ಲಿನ ವಕೀಲರೊಬ್ಬರಿಂದ ವಿಚಾರಿಸಿ. ಎಚ್1ಬಿ, ಎಫ್1 ವೀಸಾದವರಂತೂ ಇಮಿಗ್ರೇಷನ್ ವಕೀಲರನ್ನು ಕೇಳದೆ ಏನೂ ಒಪ್ಪಿಕೊಳ್ಳಬೇಡಿ. ಟಿಕೆಟ್ ದಂಡ ಕಟ್ಟುವುದನ್ನೂ ಟೆಕ್ಸಾಸ್ ಶಿಕ್ಷೆಯಾದಂತೆಯೇ ಲೆಕ್ಕ ಹಾಕುತ್ತದೆ.

ಒಂದು ಸಮಾಧಾನ ಇದೆ. ಪೊಲೀಸರು ಹಿಡಿಯುವ ಮೊದಲೇ ನೀವಾಗಿ ಕೋರ್ಟಿಗೆ ಹೋಗಿ ಪ್ರಾಮಾಣಿಕವಾಗಿ ಬಗೆಹರಿಸಲು ನೋಡಿದರೆ, ಬಾರದಿದ್ದಕ್ಕೆ ಹೊರಡಿಸಿದ ವಾರಂಟನ್ನು ಜೆಪಿ ಅಥವಾ ಮುನ್ಸಿಪಲ್ ಜಡ್ಜ್ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ.

ಮತ್ತೆ, ಫೋನ್ ನೀವು ಮಾಡಬೇಕು, ಅಲ್ವಾ? ಅವರೇ ಮಾಡಿ 'ನಿಮ್ಮ ಮೇಲೆ ವಾರಂಟ್ ಇದೆ, ಒಂದು ಗಂಟೆಯೊಳಗೆ ಗಿಫ್ಟ್ ಕಾರ್ಡಿನ ನಂಬರ್ ಹೇಳಿ' ಅಂದರೆ ಅದು ಮೋಸ. ಯಾವ ಕೋರ್ಟೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕೇಳುವುದಿಲ್ಲ. ಫೋನ್ ಇಟ್ಟುಬಿಡಿ.

ನಮ್ಮ ಹುಡುಗನ ಕೇಸು ಕ್ಲರ್ಕ್‌ಗೂ ಮೊದಲು ಸಿಗಲಿಲ್ಲ. "ಎಫ್‌ಎನ್‌ಯು ಅಂತ ನೋಡಿ ಮೇಡಂ" ಅಂದ ಮೇಲೆ ಸಿಕ್ಕಿತು. ಎಫ್‌ಎನ್‌ಯು ಎಂಬ ಈ ಮನುಷ್ಯ ಎಷ್ಟು ಟಿಕೆಟ್ ತಗೊಂಡಿದ್ದಾನಪ್ಪಾ ಅಂತ ಆಕೆಗೆ ಮೊದಲೇ ಅನುಮಾನ ಇತ್ತಂತೆ. ಸೋಮವಾರ ಹತ್ತಕ್ಕೆ ಬಾ ಎಂದರು, ಮಧ್ಯಾಹ್ನವಾದರೆ ಜಡ್ಜ್ ಸಿಗುವುದಿಲ್ಲ, ಮದುವೆಯೊಂದನ್ನು ಮಾಡಿಸಬೇಕು. ಹಳ್ಳಿ ಕಡೆ ಜೆಪಿಗೆ ಅದೂ ಕೆಲಸವೇ. ಇವನು ಭಾನುವಾರ ರಾತ್ರಿಯೇ ಹೊರಟ. ಈ ಸಲ ನಿಧಾನವಾಗಿ.