ಪೌಷ್ಟಿಕಾಂಶದ ಬರಹ ಪ್ರಕಟವಾಗುವ ಮುನ್ನ: ಸಂಪಾದಕರು ಮಾಡಬೇಕಾದ ಪರಿಶೀಲನೆ

ಆಹಾರ ಮತ್ತು ಆರೋಗ್ಯದ ಬಗ್ಗೆ ಬರೆಯುವ ಸ್ವತಂತ್ರ ಪತ್ರಿಕೆಯಲ್ಲಿ ಭಾಷೆ ತಿದ್ದುವುದು ಕೊನೆಯ ಕೆಲಸ. ಮೊದಲ ಕೆಲಸ ಗೆರೆ ಎಳೆಯುವುದು. ಬರಹವನ್ನು ಪೂರ್ತಿ ಓದಿ, ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಪ್ರತಿಯೊಂದು ಮಾತಿಗೂ ಅಡಿಗೆರೆ ಹಾಕಿ. ಅಂಕಿಗಳಷ್ಟೇ ಅಲ್ಲ, ‘ತಡೆಯುತ್ತದೆ’, ‘ಕರಗಿಸುತ್ತದೆ’, ‘ಅತಿ ಹೆಚ್ಚು’, ‘ತಜ್ಞರ ಪ್ರಕಾರ’ ಎಂಬ ಮಾತುಗಳೂ ಇದರಲ್ಲಿ ಬರಬೇಕು.

ಹಾಗೆ ಗುರುತಿಸಿದ್ದನ್ನೆಲ್ಲ ನಾಲ್ಕು ಕಾಲಂಗಳ ಹಾಳೆಗೆ ಇಳಿಸಿ: ಹೇಳಿಕೆ, ಲೇಖಕರು ಕೊಟ್ಟ ಆಧಾರ, ನಾವೇ ಮೂಲ ತೆರೆದು ಕಂಡದ್ದು, ತೀರ್ಮಾನ. ಮೂರನೇ ಕಾಲಂನಲ್ಲಿ ಪುಟ ಅಥವಾ ಕೋಷ್ಟಕದ ಸಂಖ್ಯೆ ಇರಲೇಬೇಕು. ಅದು ಖಾಲಿ ಉಳಿದರೆ ಆ ವಾಕ್ಯ ಪುಟಕ್ಕೆ ಹೋಗುವುದಿಲ್ಲ, ಬರೆದವರು ಎಷ್ಟೇ ದೊಡ್ಡ ವೈದ್ಯರಾಗಿರಲಿ. ಬೇರೆ ಪತ್ರಿಕೆಯಲ್ಲಿ ಬಂದಿತ್ತು ಎನ್ನುವುದು ಆಧಾರವಲ್ಲ. ಒಂದು ಕಡೆ ತಪ್ಪಾದ ಅಂಕಿ ಹತ್ತು ಕಡೆ ನಕಲಾಗಿ, ಕೊನೆಗೆ ಆ ಹತ್ತೂ ಒಂದಕ್ಕೊಂದು ಸಾಕ್ಷಿ ಹೇಳತೊಡಗುತ್ತವೆ.

ಒಂದು ರಾಗಿ ವಾಕ್ಯವನ್ನು ಪರೀಕ್ಷಿಸುವ ಬಗೆ

‘ರಾಗಿಮುದ್ದೆಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ ಇದೆ.’ ಕನ್ನಡದ ಆರೋಗ್ಯ ಪುಟಗಳಲ್ಲಿ ಇದು ಮತ್ತೆ ಮತ್ತೆ ಬರುವ ಮಾತು. ಭಾರತದ ಆಹಾರಗಳಿಗೆ ಮೊದಲು ನೋಡಬೇಕಾದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನಾ ಕೋಷ್ಟಕ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ, 100 ಗ್ರಾಂ ಹಸುವಿನ ಹಾಲಿನಲ್ಲಿ 118 ಮಿಲಿಗ್ರಾಂ ಕ್ಯಾಲ್ಸಿಯಂ. ಅಂದಮೇಲೆ ಮೂರು ಪಟ್ಟು ಸರಿಯೇ ಆಯಿತಲ್ಲ? ಇಲ್ಲ. 364 ಎನ್ನುವುದು ಒಣ ಕಾಳಿನ ಲೆಕ್ಕ, ವಾಕ್ಯ ಹೇಳುತ್ತಿರುವುದು ಮುದ್ದೆಯನ್ನು. 100 ಗ್ರಾಂ ಹಿಟ್ಟು ನೀರು ಕುಡಿದು ಮುದ್ದೆಯಾದಾಗ 300 ಗ್ರಾಂ ತೂಗಿತು ಎಂದುಕೊಳ್ಳಿ. ಆಗ 100 ಗ್ರಾಂ ಮುದ್ದೆಯಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ, ಹೆಚ್ಚುಕಡಿಮೆ ಹಾಲಿನಷ್ಟೇ. ಮುದ್ದೆ ಸಡಿಲವಾಗಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಹಿಟ್ಟನ್ನೂ ಬೆಂದ ಮುದ್ದೆಯನ್ನೂ ತೂಗಿಯೇ ಅಂಕಿ ಬರೆಯಿರಿ.

ಇನ್ನೂ ಎರಡು ಪ್ರಶ್ನೆ ಉಳಿದಿವೆ. ಹಿಟ್ಟು ಯಾವುದು? ರಾಗಿಯ ಕ್ಯಾಲ್ಸಿಯಂ ಬಹುಪಾಲು ಹೊರಸಿಪ್ಪೆಯ ಕಡೆಗಿದೆ. ನುಣ್ಣಗೆ ಜರಡಿ ಹಿಡಿದು ತೌಡು ತೆಗೆದ ಹಿಟ್ಟಿಗೆ ಇಡೀ ಕಾಳಿನ ಅಂಕಿ ಹೊಂದುವುದಿಲ್ಲ. ಎರಡನೆಯದು, ತಿಂದದ್ದರಲ್ಲಿ ಮೈಗೆ ಹತ್ತುವುದೆಷ್ಟು? ರಾಗಿಯಲ್ಲಿರುವ ಫೈಟೇಟ್ ಎಂಬ ಸಹಜ ಸಂಯುಕ್ತ ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ ಅದು ಇಳಿಯುತ್ತದೆ. ತಿದ್ದಿದ ವಾಕ್ಯ ಹೀಗಾಗಬಹುದು: ‘250 ಗ್ರಾಂ ತೂಕದ ಮುದ್ದೆಯಲ್ಲಿ ಸುಮಾರು 300 ಮಿಲಿಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಆದರೆ ರಾಗಿಯ ಫೈಟೇಟ್ ಮುದ್ದೆಯ ಕ್ಯಾಲ್ಸಿಯಂನಲ್ಲಿ ಒಂದು ಪಾಲನ್ನು ಮೈಗೆ ಸೇರಗೊಡುವುದಿಲ್ಲ.’ ಓದುಗರು ಊಟಕ್ಕೆ ಕೂತಾಗ ಉಪಯೋಗಕ್ಕೆ ಬರುವುದು ಈ ವಾಕ್ಯ. ‘ಒಂದು ಲೋಟ’, ‘ಒಂದು ಬಟ್ಟಲು’ ಎಂದು ಬರೆಯುವಲ್ಲೆಲ್ಲ ಪಕ್ಕದಲ್ಲಿ ಗ್ರಾಂ ಅಥವಾ ಮಿಲಿಲೀಟರ್ ಇರಲಿ.

ಇದೇ ಕೋಷ್ಟಕದಲ್ಲಿ ಎಡವುವ ಇನ್ನೊಂದು ಜಾಗ ಶಕ್ತಿಯ ಕಾಲಂ. ಅಲ್ಲಿರುವುದು ಕಿಲೋಜೌಲ್. ರಾಗಿಯ ಎದುರು ಕಾಣುವ 1342 ಅನ್ನು ಹಾಗೇ ಕ್ಯಾಲೊರಿ ಎಂದು ಬರೆದರೆ ಅನಾಹುತ. 4.184ರಿಂದ ಭಾಗಿಸಿದರೆ ಸುಮಾರು 320 ಕಿಲೋಕ್ಯಾಲೊರಿ ಬರುತ್ತದೆ. ಉಪ್ಪು ಮತ್ತು ಸೋಡಿಯಂ ನಡುವೆಯೂ ಇಂಥದೇ ಗೊಂದಲ: 5 ಗ್ರಾಂ ಉಪ್ಪು ಎಂದರೆ ಸುಮಾರು 2 ಗ್ರಾಂ ಸೋಡಿಯಂ. ವಿಟಮಿನ್ ಡಿ ಲೆಕ್ಕದಲ್ಲಿ 1 ಮೈಕ್ರೋಗ್ರಾಂ ಎಂದರೆ 40 ಐಯು (ಅಂತರರಾಷ್ಟ್ರೀಯ ಯೂನಿಟ್).

‘ದಿನಕ್ಕೆ ಇಷ್ಟು ಬೇಕು’ ಎಂಬ ಮಾತು ಬಂದಾಗ ಇಸವಿ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2010ರ ಪಟ್ಟಿಯಲ್ಲಿ ವಯಸ್ಕರಿಗೆ ಕ್ಯಾಲ್ಸಿಯಂ 600 ಮಿಲಿಗ್ರಾಂ ಇತ್ತು, 2020ರ ಪಟ್ಟಿಯಲ್ಲಿ 1000. ಕಬ್ಬಿಣದ ಶಿಫಾರಸು ಹೆಂಗಸರಿಗೆ 21ರಿಂದ 29 ಮಿಲಿಗ್ರಾಂಗೆ ಏರಿತು. ಹಳೆಯ ಬರಹ ನೋಡಿ ಬರೆದವರು ಹಳೆಯ ಅಂಕಿಯನ್ನೇ ಕೊಡುತ್ತಾರೆ. ಜೊತೆಗೆ, ಶಿಫಾರಸು ಮಾಡಿದ ಪ್ರಮಾಣವನ್ನು ಹೆಚ್ಚುಕಡಿಮೆ ಎಲ್ಲ ಆರೋಗ್ಯವಂತರಿಗೂ ಸಾಕಾಗುವಂತೆ ಎತ್ತರಿಸಿ ಇಟ್ಟಿರುತ್ತಾರೆ. ಸರಾಸರಿ ಅಗತ್ಯ ಅದಕ್ಕಿಂತ ಕೆಳಗಿರುತ್ತದೆ. ಹೆಂಗಸರಿಗೆ ಕಬ್ಬಿಣದ ಸರಾಸರಿ ಅಗತ್ಯ 15 ಮಿಲಿಗ್ರಾಂ. 29 ಮುಟ್ಟದವರಿಗೆಲ್ಲ ಕೊರತೆ ಇದೆ ಎಂದು ಬರೆಯುವುದು ತಪ್ಪು.

ಅಧ್ಯಯನದ ಸುದ್ದಿಗೆ ಕನಿಷ್ಠ ಐದು ವಿವರ ಬೇಕು: ಯಾರ ಮೇಲೆ (ಇಲಿಯೋ, ಮನುಷ್ಯರೋ), ಎಷ್ಟು ಜನ, ಎಷ್ಟು ದಿನ, ಯಾವುದಕ್ಕೆ ಹೋಲಿಸಿ, ಹಣ ಯಾರದು. ಜನ ತಿಂದದ್ದನ್ನು ಗಮನಿಸಿ ಬರೆದ ಅಧ್ಯಯನವಾದರೆ ‘ಕಾರಣ’ ಎನ್ನಬೇಡಿ, ‘ಜೊತೆಗೆ ಕಂಡುಬಂದಿದೆ’ ಎನ್ನಿ. ಶೇಕಡಾವಾರು ಬಂದರೆ ‘ಎಷ್ಟರ ಮೇಲೆ?’ ಎಂದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದಿತು. ಮೂಲ ಅಪಾಯ ನೂರಕ್ಕೆ 5 ಇದ್ದರೆ ಅದು 5.9 ಆಗುತ್ತದೆ, 23 ಅಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ತಂಬಾಕು ಇರುವ ಗುಂಪಿಗೇ ಈ ಮಾಂಸವನ್ನೂ ಸೇರಿಸಿದ್ದು ಪುರಾವೆ ಗಟ್ಟಿಯಾಗಿದೆ ಎಂಬ ಕಾರಣಕ್ಕೆ, ಎರಡರ ಅಪಾಯವೂ ಸಮ ಎಂದಲ್ಲ. ಈ ಎರಡು ವಿಷಯ ಬಿಟ್ಟುಹೋದರೆ ಸುದ್ದಿ ಕೊಡದಿರುವುದೇ ಮೇಲು.

ಓದುಗರಿಗೆ ತೊಂದರೆ ಆಗಬಹುದಾದ ಜಾಗಗಳು

ಬರಹದ ಪ್ರತಿಯೊಂದು ಸಲಹೆಯನ್ನೂ ಕಾಯಿಲೆ ಇರುವವರು ಅನುಸರಿಸುತ್ತಾರೆ ಎಂದುಕೊಂಡೇ ಓದಿ. ಎಳನೀರಿನಲ್ಲಿ, ಪೊಟ್ಯಾಸಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪಿನಲ್ಲಿ ಮೂತ್ರಪಿಂಡದ ಕಾಯಿಲೆಯವರಿಗೆ ನಿಜವಾದ ಅಪಾಯವಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಿನವೂ ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಮಟ್ಟ ವಿಪರೀತ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಥಟ್ಟನೆ ಹೆಚ್ಚುಕಡಿಮೆ ಮಾಡಬಾರದು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಬಾಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಬರುವ ಭಯವಿದೆ. ಇಂಥ ಎಚ್ಚರಿಕೆಯನ್ನು ಕೊನೆಯ ಸಣ್ಣ ಅಕ್ಷರಗಳಿಗೆ ತಳ್ಳಬೇಡಿ. ಸಲಹೆ ಇರುವ ಪ್ಯಾರಾದಲ್ಲೇ ಇರಲಿ. ರೋಗದ ಬಗೆಗಿನ ಬರಹವನ್ನು ಆ ವಿಷಯದ ವೈದ್ಯರೋ ನೋಂದಾಯಿತ ಆಹಾರ ತಜ್ಞರೋ ಓದಿರಬೇಕು. ಅವರ ಹೆಸರು, ಅರ್ಹತೆ, ಓದಿದ ದಿನಾಂಕ ಪ್ರಕಟವಾಗಲಿ.

ಹಣದ ವಿಷಯ ಬಿಚ್ಚಿ ಹೇಳಿ. ಪುಕ್ಕಟೆ ಬಂದ ಪ್ರೊಟೀನ್ ಪುಡಿಯ ಡಬ್ಬಿಯೂ ಹಣವೇ, ಕಂಪನಿ ಖರ್ಚಿನಲ್ಲಿ ಹೋದ ಕಾರ್ಯಾಗಾರವೂ ಹಣವೇ. ‘ಪ್ರಾಯೋಜಿತ’ ಎಂಬ ಪದ ಮೊದಲ ಸಾಲಿಗಿಂತ ಮೇಲೆ, ಶೀರ್ಷಿಕೆಯಷ್ಟೇ ಸ್ಪಷ್ಟವಾಗಿ ಕಾಣಬೇಕು. ಜಾಹೀರಾತು ತರುವವರಿಗೆ ಬರಹವನ್ನು ಮುಂಚೆ ತೋರಿಸಬೇಡಿ. ಪೊಟ್ಟಣದ ಮಾತನ್ನು ಎತ್ತಿ ಬರೆಯುವಾಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳ ಪಕ್ಕ ಇಟ್ಟು ನೋಡಿ. ‘ಸಕ್ಕರೆ ರಹಿತ’ ಎನ್ನಲು 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ‘ಸಕ್ಕರೆ ಸೇರಿಸಿಲ್ಲ’ ಎನ್ನುವುದು ಬೇರೆಯೇ ಮಾತು: ಖರ್ಜೂರದ ಬಾರ್‌ನಲ್ಲಿ ಖರ್ಜೂರದ್ದೇ ಸಕ್ಕರೆ ತುಂಬಿರುತ್ತದೆ.

ಶೀರ್ಷಿಕೆಯನ್ನು ಎಲ್ಲ ಮುಗಿದ ಮೇಲೆ, ಹಾಳೆಯನ್ನು ಮುಂದಿಟ್ಟುಕೊಂಡು ಬರೆಯಿರಿ. ಬರಹದ ಅತಿ ದುರ್ಬಲ ಹೇಳಿಕೆ ತಲೆಬರಹಕ್ಕೆ ಏರುವುದು ಸಾಮಾನ್ಯವಾಗಿ ಗಡಿಬಿಡಿಯಲ್ಲೇ.

ಪ್ರಕಟವಾದ ಮೇಲೆ ತಪ್ಪು ಸಿಕ್ಕರೆ ಸದ್ದಿಲ್ಲದೆ ಅಳಿಸಬೇಡಿ. ಬರಹದ ಮೇಲ್ಭಾಗದಲ್ಲೇ ಹಿಂದೆ ಏನಿತ್ತು, ಈಗ ಏನಾಗಿದೆ, ಯಾವ ದಿನ ಬದಲಾಯಿತು ಎಂದು ಬರೆಯಿರಿ. ಕಾಗುಣಿತಕ್ಕೆ ಇಷ್ಟು ಬೇಡ. ಪ್ರಮಾಣ, ಔಷಧ, ಮಕ್ಕಳ ಆಹಾರದ ತಪ್ಪಿಗೆ ಅದೇ ದಿನ ತಿದ್ದುಪಡಿ ಆಗಬೇಕು, ಬರಹವನ್ನು ಹಂಚಿಕೊಂಡಿದ್ದ ವಾಟ್ಸಾಪ್ ಗುಂಪುಗಳಿಗೂ ತಿದ್ದುಪಡಿ ಹೋಗಬೇಕು. ಪರಿಶೀಲನೆಯ ಹಾಳೆಯನ್ನು ಬರಹದ ಜೊತೆಗೇ ಜೋಪಾನವಾಗಿಡಿ. ಐಸಿಎಂಆರ್ ಮುಂದಿನ ಪಟ್ಟಿ ಹೊರಡಿಸಿದ ದಿನ ಯಾವ ಬರಹಗಳ ಯಾವ ಸಾಲು ಬದಲಿಸಬೇಕು ಎಂದು ಅದರ ಮೂರನೇ ಕಾಲಂ ನೋಡಿದರೆ ಸಾಕು, ಗೊತ್ತಾಗುತ್ತದೆ.