ಡಿಸೈನ್ ಕೆಲಸದಲ್ಲಿ ವರ್ಷಗಳು ಕಳೆದ ಮೇಲೆ ಮತ್ತೆ ವಾಟರ್‌ಕಲರ್ ಹಿಡಿಯುವವರಿಗೆ

ಶಾಲೆಯಲ್ಲಿ ಡ್ರಾಯಿಂಗ್ ಚೆನ್ನಾಗಿತ್ತು, ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾಗಿತ್ತು, ಅದೇ ಧೈರ್ಯದ ಮೇಲೆ ಡಿಸೈನ್ ಓದಿ ಕೆಲಸಕ್ಕೆ ಸೇರಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆಮೇಲೆ ಹದಿನೈದು ಇಪ್ಪತ್ತು ವರ್ಷ ಲೋಗೋ, ಪ್ಯಾಕೇಜಿಂಗ್, ಆ್ಯಪ್ ಸ್ಕ್ರೀನ್ ಅಂತ ಹೋಗಿಬಿಡುತ್ತದೆ. ದಿನವಿಡೀ ಬಣ್ಣದ ಜೊತೆಗೇ ಇದ್ದರೂ ಬೆರಳಿಗೆ ಬಣ್ಣ ಅಂಟುವುದಿಲ್ಲ. ನಾನೂ ಅದೇ ದಾರಿಯಲ್ಲಿ ಬಂದವಳು, ಈಗ ಮತ್ತೆ ವಾಟರ್‌ಕಲರ್ ಮಾಡುತ್ತಿದ್ದೇನೆ. ಶುರು ಮಾಡಬೇಕು ಅಂದುಕೊಂಡು ವರ್ಷಗಳಿಂದ ಮುಂದೂಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಇಷ್ಟು ವರ್ಷದಲ್ಲಿ ನಿಮ್ಮ ಕಣ್ಣು ಬೆಳೆದಿದೆ, ಕೈ ಬೆಳೆದಿಲ್ಲ. ಅಂಚು ಒಂದು ಕೂದಲೆಳೆ ಆಚೀಚೆ ಆದರೂ ಕಣ್ಣು ಹಿಡಿಯುತ್ತದೆ, ಕೈ ಇನ್ನೂ ಹೈಸ್ಕೂಲಿನಲ್ಲೇ ನಿಂತಿದೆ. ಹಾಗಾಗಿ ಮೊದಲ ಚಿತ್ರ ನೋಡಿದ ಕೂಡಲೇ ಬೇಸರ ಬರುತ್ತದೆ, ಡಬ್ಬಿ ಮತ್ತೆ ಅಟ್ಟ ಸೇರುತ್ತದೆ. ಡಿಸೈನ್ ಗೊತ್ತಿಲ್ಲದವರು ಇಷ್ಟು ಬೇಗ ಬಿಡುವುದಿಲ್ಲ, ಅವರಿಗೆ ತಪ್ಪು ಇಷ್ಟು ಚೆನ್ನಾಗಿ ಕಾಣುವುದಿಲ್ಲ ಅಲ್ವಾ. ಕೈ ಪಳಗುವವರೆಗೆ ಬಿಡದೆ ಕೂರುವಂಥ ಏರ್ಪಾಡು ಮಾಡಿಕೊಳ್ಳಿ. ಕೆಳಗೆ ಹೇಳುವುದೆಲ್ಲ ಅದಕ್ಕಾಗಿಯೇ.

ದುಡ್ಡನ್ನು ಪೇಪರ್‌ಗೆ ಹಾಕಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ), ಕೋಲ್ಡ್ ಪ್ರೆಸ್ ಅಂದರೆ ಸ್ವಲ್ಪ ತರಿತರಿ ಮೈಯದು, ಸಾಧ್ಯವಾದರೆ ಪೂರ್ತಿ ಹತ್ತಿಯದು. ಶಾಲೆಯ ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಸುಕ್ಕಾಗುತ್ತದೆ, ಎರಡು ಸಲ ಉಜ್ಜಿದರೆ ಮೇಲ್ಪದರ ಎದ್ದು ಬರುತ್ತದೆ, ನೀವು ಅದನ್ನು ನಿಮ್ಮ ಕೈಯ ದೋಷ ಅಂದುಕೊಳ್ಳುತ್ತೀರಿ. ದೊಡ್ಡ ಹಾಳೆ ತಂದು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಟ್ಟುಕೊಳ್ಳಿ. ಖರ್ಚೂ ಕಮ್ಮಿ, ಹಾಳಾದರೆ ಹೊಟ್ಟೆ ಉರಿಯುವುದಿಲ್ಲ, ಹಿಂಬದಿಯಲ್ಲೂ ಬರೆಯಬಹುದು. ಬ್ರಶ್ ಎರಡು ಸಾಕು: ರೌಂಡ್ 6 ಮತ್ತು 10, ಸಿಂಥೆಟಿಕ್ ಆದರೂ ನಡೆಯುತ್ತದೆ. ನೀರಿಗೆ ಎರಡು ಲೋಟ, ಒರೆಸಲು ಹಳೆ ಬನಿಯನ್.

ಟ್ಯಾಬ್ಲೆಟ್ ಮೇಲೆ ಶುರು ಮಾಡಬೇಡಿ. ಅದು ಕೆಟ್ಟದ್ದು ಅಂತಲ್ಲ. ಅಲ್ಲಿ ಮಾಡಿದ್ದನ್ನು ಅಳಿಸಿಬಿಡುವ ಅನ್‌ಡು ಇದೆ, ಆಫೀಸಿನಲ್ಲಿ ಪಳಗಿದ ಬೆರಳು ತಾನಾಗಿಯೇ ಅದನ್ನು ಒತ್ತುತ್ತದೆ. ಹಾಕಿದ ಗೆರೆಯ ಜೊತೆ ಮುಂದೆ ಹೋಗುವುದನ್ನು ಕೈ ಮತ್ತೆ ಕಲಿಯಬೇಕು, ಪೇಪರ್ ಅದನ್ನು ಬಿಡದೆ ಕಲಿಸುತ್ತದೆ.

ಬಣ್ಣ ನಾಲ್ಕೇ ತನ್ನಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಅನ್ನುವ ಕೆಂಪು ಮಣ್ಣಿನ ಕಂದು, ಲೆಮನ್ ಯೆಲ್ಲೋ, ಒಂದು ಕೆಂಪು. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸಿ ನೋಡಿ: ಮಳೆಮೋಡದ ಬೂದಿಯಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಎಲ್ಲ ಬರುತ್ತದೆ, ಒಂದು ಕಡೆ ನೀಲಿಗೆ ವಾಲುತ್ತದೆ, ಇನ್ನೊಂದು ಕಡೆ ಮಣ್ಣಿಗೆ. ಕಪ್ಪು ಟ್ಯೂಬ್ ಬೇಕೇ ಆಗುವುದಿಲ್ಲ. ಪ್ರಿಂಟಿಂಗ್ ಬಣ್ಣಗಳ ಪ್ಯಾಂಟೋನ್ ನಂಬರ್ ಬಾಯಿಪಾಠ ಇರುವವರಿಗೆ ಟ್ಯೂಬಿನ ಲೇಬಲ್ ಓದುವುದೇ ಖುಷಿ. ಅಲ್ಲಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿಯ ಕೋಡ್ ಇರುತ್ತದೆ. ಅಲ್ಟ್ರಾಮರೀನ್ ಅಂದರೆ ಪಿಬಿ 29. ಬಣ್ಣದ ಹೆಸರು ಕಂಪನಿಗೊಂದು ಇರಬಹುದು, ಒಳಗೆ ಏನಿದೆ ಅಂತ ಹೇಳುವುದು ಕೋಡ್. ಕೆಂಪು ಕೊಳ್ಳುವಾಗ ಪಿಆರ್ 83 ಇದ್ದರೆ ಬಿಡಿ, ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುತ್ತದೆ. ಕಲಿಯುವವರಿಗಾಗಿ ಮಾಡಿದ ಅಗ್ಗದ ಸ್ಟೂಡೆಂಟ್ ಬಣ್ಣದಲ್ಲಿ ಪಿಗ್ಮೆಂಟ್ ಕಮ್ಮಿ, ತುಂಬಲು ಬೆರೆಸಿದ ಫಿಲ್ಲರ್ ಜಾಸ್ತಿ. ಶುರುವಿಗೆ ಪರವಾಗಿಲ್ಲ, ಟ್ಯೂಬ್ ಮುಗಿದಂತೆ ಒಂದೊಂದಾಗಿ ಒಳ್ಳೆಯದು ತರಬಹುದು.

ಸ್ಕ್ರೀನಿನ ಎರಡು ಅಭ್ಯಾಸ ಇಲ್ಲಿ ಕೈ ಕೊಡುತ್ತವೆ. ಸ್ಕ್ರೀನ್ ಮೇಲೆ ಬಿಳಿ ಬೇಕಾದರೆ ಕೊನೆಗೆ ಮೇಲೆ ಇಟ್ಟರಾಯಿತು. ವಾಟರ್‌ಕಲರ್‌ನಲ್ಲಿ ಪೇಪರೇ ಬಿಳಿ, ಅದನ್ನು ಮೊದಲೇ ಉಳಿಸಿಕೊಂಡು ತಿಳಿಯಿಂದ ಗಾಢಕ್ಕೆ ಹೋಗಬೇಕು. ಇನ್ನೊಂದು, ಆಯ್ಕೆ ಮಾಡಿದ ಬಣ್ಣ ಹಾಗೇ ಉಳಿಯುತ್ತದೆ ಅನ್ನುವ ನಂಬಿಕೆ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದಕ್ಕೇ ಸ್ವಲ್ಪ ಗಟ್ಟಿಯಾಗಿಯೇ ಹಾಕಿ. ಆಮೇಲೆ ಕಾಯಿರಿ. ಡೆಡ್‌ಲೈನ್‌ನಲ್ಲಿ ಬದುಕಿದವರಿಗೆ ಎಲ್ಲಕ್ಕಿಂತ ಕಷ್ಟ ಇದೇ. ಹಾಳೆಯನ್ನು ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ನೀರಿನ ಹೊಳಪು ಚೆನ್ನಾಗಿ ಇದ್ದರೆ ಇನ್ನೊಂದು ಬಣ್ಣ ಬಿಡಬಹುದು, ಅದು ಮೆತ್ತಗೆ ಹರಡುತ್ತದೆ. ಹೊಳಪು ಆರುತ್ತಿರುವ ಹೊತ್ತಿಗೆ ಮುಟ್ಟಬೇಡಿ, ಆಗ ಬಿದ್ದ ನೀರು ಅಲ್ಲಿರುವ ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ಕೈ ಹಾಕಿ. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬೇಗ ಒಣಗುತ್ತದೆ, ಆಷಾಢದಲ್ಲಿ ಮಂಗಳೂರಿನಲ್ಲಿ ಕೂತರೆ ಒಂದು ಕಾಫಿ ಮುಗಿದರೂ ತೇವ ಹೋಗಿರುವುದಿಲ್ಲ.

ನಿಮ್ಮ ವೃತ್ತಿ ನಿಜವಾಗಿ ಸಹಾಯಕ್ಕೆ ಬರುವುದು ಬಣ್ಣ ಹಾಕುವ ಮೊದಲು. ಕಣ್ಣು ಕಿರಿದು ಮಾಡಿ ನೋಡಿ, ಎದುರಿಗಿರುವುದನ್ನು ತಿಳಿ, ನಡು, ಗಾಢ ಅಂತ ಮೂರೇ ಭಾಗ ಮಾಡಿ ಬೆಂಕಿಪೊಟ್ಟಣದಷ್ಟು ಚಿಕ್ಕ ಪೆನ್ಸಿಲ್ ಸ್ಕೆಚ್ ಮಾಡಿಕೊಳ್ಳಿ. ಎಲ್ಲಿ ಕತ್ತರಿಸಬೇಕು, ಎಲ್ಲಿ ಖಾಲಿ ಬಿಡಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಏನು ಬರೆಯುವುದು? ಆನ್‌ಲೈನ್‌ನಲ್ಲಿ ರೆಫರೆನ್ಸ್ ಹುಡುಕಲು ಹೋದರೆ ಸಂಜೆಯೇ ಮುಗಿಯುತ್ತದೆ, ಮೂಡ್‌ಬೋರ್ಡ್ ಸಿದ್ಧವಾಗಿರುತ್ತದೆ, ಚಿತ್ರ ಇರುವುದಿಲ್ಲ. ಚಿಕ್ಕವರಿದ್ದಾಗ ಸುಮ್ನೆ ಏನು ಬರೆಯುತ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ರೈಲು, ಸಂಕ್ರಾಂತಿಯ ಎತ್ತು, ಪಕ್ಕದ ಮನೆ ನಾಯಿ, ಯಾವುದಾದರೂ ಸರಿ. ಅದರ ಹತ್ತಿರದ್ದೊಂದನ್ನು ಕಣ್ಣೆದುರು ಇಟ್ಟುಕೊಂಡು ಅಥವಾ ಅದರ ಮುಂದೆ ಹೋಗಿ ಕೂತು ಬರೆಯಿರಿ. ಇಪ್ಪತ್ತು ನಿಮಿಷ ಸಾಕು, ಆದರೆ ಹೊತ್ತು ಒಂದೇ ಇರಲಿ, ಸಾಮಾನು ಮೇಜಿನ ಮೇಲೆ ತೆರೆದೇ ಇರಲಿ.

ತಡವಾಯಿತು ಅನ್ನಿಸಿದರೆ ರುಮಾಲೆ ಚನ್ನಬಸವಯ್ಯ (1910–1988) ಅವರನ್ನು ನೆನೆಯಿರಿ. ಎಳೆಯ ವಯಸ್ಸಿನಲ್ಲಿ ಚಿತ್ರಕಲೆ ಕಲಿತು, ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಅಂತ ದಶಕಗಳನ್ನು ಕಳೆದು, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. ಹೂಬಿಟ್ಟ ಮರಗಳ ಬೆಂಗಳೂರನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಮ್ಮಿ. ವಾಟರ್‌ಕಲರ್ ಹೇಗೆ ಹಿಡಿತದಲ್ಲಿರುತ್ತದೆ ಅಂತ ನೋಡಬೇಕಾದರೆ ಕೆ. ವೆಂಕಟಪ್ಪ (1886–1965) ಅವರ ಊಟಿ, ಕೊಡೈಕನಾಲ್ ಚಿತ್ರಗಳನ್ನು ನೋಡಿ, ಅವಕಾಶ ಸಿಕ್ಕರೆ ಮೂಲ ಚಿತ್ರಗಳನ್ನೇ. ಮಂಜನ್ನು ಎಷ್ಟು ತೆಳುವಾಗಿ ತಂದಿದ್ದಾರೆ ಅನ್ನುವುದು ಫೋನಿನಲ್ಲಿ ಕಾಣುವುದಿಲ್ಲ.

ಮೊದಲ ವರ್ಷ ಇದನ್ನು ಯಾವ ಕೆಲಸಕ್ಕೂ ಹಚ್ಚಬೇಡಿ. ನೀವು ಮತ್ತೆ ಚಿತ್ರ ಬರೆಯುತ್ತಿದ್ದೀರಿ ಅಂತ ಗೊತ್ತಾದರೆ ಮದುವೆ ಕಾರ್ಡು, ಗೃಹಪ್ರವೇಶದ ಉಡುಗೊರೆ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಒಪ್ಪಿಕೊಂಡ ಕ್ಷಣ ಬ್ರೀಫ್ ಬಂತು, ತಿದ್ದುಪಡಿ ಬಂತು, ಹಳೆ ಕೆಲಸ ಮನೆಗೂ ಬಂತು. ಸದ್ಯಕ್ಕೆ ಆಗಲ್ಲ ಅಂತ ನೇರವಾಗಿ ಹೇಳಿ. ಇನ್‌ಸ್ಟಾಗ್ರಾಮ್‌ಗೆ ಹಾಕುವುದನ್ನೂ ಮುಂದೂಡಿ. ಜೊತೆ ಬೇಕು ಅನ್ನಿಸಿದರೆ ವಾರಾಂತ್ಯದಲ್ಲಿ ಪಾರ್ಕಿನಲ್ಲಿ ಒಟ್ಟಿಗೆ ಕೂತು ಸ್ಕೆಚ್ ಮಾಡುವ ಗುಂಪು ಸೇರಿ, ಅಲ್ಲಿ ಪಕ್ಕದವರೂ ತಡಕಾಡುತ್ತಿರುತ್ತಾರೆ.

ಹಾಳಾದ ಹಾಳೆಗಳನ್ನು ಎಸೆಯಬೇಡಿ. ಹಿಂದೆ ತಾರೀಖು, ಬಳಸಿದ ಬಣ್ಣ ಬರೆದು ಒಂದು ಫೋಲ್ಡರ್‌ನಲ್ಲಿ ಚಪ್ಪಟೆಯಾಗಿ ಇಡಿ. ಮಲೆನಾಡು, ಕರಾವಳಿಯವರಾದರೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಡಿ, ಇಲ್ಲದಿದ್ದರೆ ಒಳ್ಳೆಯ ಪೇಪರ್‌ಗೂ ಬೂಸ್ಟು ಹಿಡಿಯುತ್ತದೆ.