ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್: ಆಯ್ಕೆ ಮತ್ತು ಸುರಕ್ಷಿತ ಇನ್‌ಸ್ಟಾಲ್

ಪಾಸ್‌ವರ್ಡ್ ಮ್ಯಾನೇಜರ್ ಆರಿಸುವ ಮುನ್ನ, ಪಾಸ್‌ವರ್ಡ್‌ಗಳು ಎಲ್ಲಿ ಇರಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸ್ವಂತ ಕಂಪ್ಯೂಟರಿನಲ್ಲಿದ್ದರೆ ಸಾಕು ಎನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಸೂಕ್ತ. ಅದು ಎಲ್ಲವನ್ನೂ ಎನ್‌ಕ್ರಿಪ್ಟ್ ಆದ (ಗುಟ್ಟಿನ ಕೀಲಿಯಿಲ್ಲದೆ ಓದಲಾಗದಂತೆ ಮಾಡಿದ) ಒಂದೇ ಕಡತದಲ್ಲಿ ಇಡುತ್ತದೆ, ಸರ್ವರ್‌ನ ಗೊಡವೆಯೇ ಇಲ್ಲ. ಫೋನಿನಲ್ಲೂ ತಾನಾಗಿಯೇ ಸಿಂಕ್ ಆಗಬೇಕೆಂದರೆ ಬಿಟ್‌ವಾರ್ಡನ್ ಅನುಕೂಲ. ಟರ್ಮಿನಲ್ ಬಳಕೆದಾರರ ಮೆಚ್ಚಿನ ‘ಪಾಸ್’ ಪ್ರತಿ ನಮೂದನ್ನೂ ಜಿಪಿಜಿಯಿಂದ (ಎನ್‌ಕ್ರಿಪ್ಟ್ ಮಾಡುವ, ಡಿಜಿಟಲ್ ಸಹಿ ಪರೀಕ್ಷಿಸುವ ತಂತ್ರಾಂಶ) ಎನ್‌ಕ್ರಿಪ್ಟ್ ಮಾಡಿದರೂ ಕಡತಗಳ ಹೆಸರನ್ನು (ಸಾಮಾನ್ಯವಾಗಿ ಅದು ಜಾಲತಾಣದ ಹೆಸರೇ) ಮುಚ್ಚಿಡುವುದಿಲ್ಲ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ: 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರಿನ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಸಂಗ್ರಹಗಳ) ಪ್ರತಿ ಕಳುವಾದಾಗ, ಎನ್‌ಕ್ರಿಪ್ಟ್ ಆಗದೆ ಉಳಿದಿದ್ದ ಜಾಲತಾಣಗಳ ವಿಳಾಸಗಳೂ ಕಳ್ಳರ ಪಾಲಾದವು.

ಇನ್‌ಸ್ಟಾಲ್ ಮಾಡಲು ನಿಮ್ಮ ಡಿಸ್ಟ್ರೋದ (ನೀವು ಬಳಸುವ ಲಿನಕ್ಸ್ ರೂಪದ) ರೆಪೊಸಿಟರಿಯೇ, ಅಂದರೆ ಅಧಿಕೃತ ತಂತ್ರಾಂಶ ಭಂಡಾರವೇ, ಮೊದಲ ಆಯ್ಕೆಯಾಗಿರಲಿ. ಅಲ್ಲಿಯ ಆವೃತ್ತಿ ತುಸು ಹಳೆಯದಿರಬಹುದು. ಆದರೆ ಪ್ಯಾಕೇಜು ಸಹಿಯಾದ ಪಟ್ಟಿಗೆ ತಾಳೆಯಾಗುತ್ತದೆಯೇ ಎಂಬುದನ್ನು ಡೆಬಿಯನ್, ಉಬುಂಟುಗಳ ಇನ್‌ಸ್ಟಾಲ್ ಸಾಧನವಾದ ಆಪ್ಟ್ ತಾನೇ ಪರೀಕ್ಷಿಸುತ್ತದೆ. ಡೆಬಿಯನ್ 13ರಲ್ಲಿ ಕೀಪಾಸ್‌ಎಕ್ಸ್‌ಸಿಗೆ ಫುಲ್ ಮತ್ತು ಮಿನಿಮಲ್ ಎಂಬ ಎರಡು ರೂಪಗಳಿದ್ದು, ಬ್ರೌಸರ್ ಜೋಡಣೆ ಬೇಕಾದವರು ಫುಲ್ ಅನ್ನೇ ಹಾಕಿಕೊಳ್ಳಬೇಕು. ಬ್ರೌಸರ್ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದ ಪ್ಯಾಕೇಜ್ ಆಗಿದ್ದರೆ, ಅದನ್ನು ಉಳಿದ ತಂತ್ರಾಂಶಗಳಿಂದ ಬೇರ್ಪಡಿಸುವ ಸ್ಯಾಂಡ್‌ಬಾಕ್ಸ್ ಅಡ್ಡಬಂದು ಈ ಜೋಡಣೆ ಕೆಲಸ ಮಾಡದಿರುವುದುಂಟು.

ಹೊಸ ಆವೃತ್ತಿಯೇ ಬೇಕೆಂದು ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸಬಹುದಾದ ಒಂದೇ ಕಡತ) ಇಳಿಸಿಕೊಳ್ಳುವವರು ಸರ್ಚ್‌ನ ಜಾಹೀರಾತಿನ ಕೊಂಡಿಯನ್ನು ಮುಟ್ಟದೆ ಯೋಜನೆಯ ಅಧಿಕೃತ ತಾಣಕ್ಕೇ ಹೋಗಿ, ಜೊತೆಗಿರುವ ಸಹಿ ಕಡತವನ್ನೂ ಸಹಿ ಪರೀಕ್ಷಿಸಲು ಬೇಕಾದ ಯೋಜನೆಯ ಸಾರ್ವಜನಿಕ ಕೀಯನ್ನೂ ತೆಗೆದುಕೊಂಡು ಜಿಪಿಜಿಯಲ್ಲಿ ಪರೀಕ್ಷಿಸಬೇಕು. ಅದೇ ಪುಟದಲ್ಲಿರುವ ಎಸ್‌ಎಚ್‌ಎ-256 ಮೊತ್ತ (ಕಡತದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಸರಿಹೊಂದಿದರೆ ಡೌನ್‌ಲೋಡ್ ಕೆಟ್ಟಿಲ್ಲವೆಂದಷ್ಟೇ ಅರ್ಥ; ಪುಟವನ್ನೇ ತಿದ್ದಿದವನು ಮೊತ್ತವನ್ನೂ ತಿದ್ದಿರುತ್ತಾನೆ. ಜಿಪಿಜಿಯು ‘ಗುಡ್ ಸಿಗ್ನೇಚರ್’ ಎಂದ ಬೆನ್ನಲ್ಲೇ, ಈ ಕೀ ನಂಬಲರ್ಹವೆಂದು ಯಾರೂ ಪ್ರಮಾಣೀಕರಿಸಿಲ್ಲ ಎಂಬ ಎಚ್ಚರಿಕೆಯನ್ನೂ ತೋರಿಸುತ್ತದೆ. ಹಲವರು ಅಲ್ಲಿಗೇ ಕೈಬಿಡುತ್ತಾರೆ, ಉಳಿದವರು ಅದನ್ನು ಓದುವುದೇ ಇಲ್ಲ. ಮಾಡಬೇಕಾದದ್ದು ಇಷ್ಟೇ: ತೆರೆಯ ಮೇಲಿನ ಫಿಂಗರ್‌ಪ್ರಿಂಟನ್ನು (ಆ ಕೀಯನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು), ಡೌನ್‌ಲೋಡ್ ಪುಟವಲ್ಲದ ಇನ್ನೊಂದು ನಂಬಲರ್ಹ ಮೂಲದಲ್ಲಿರುವ ಫಿಂಗರ್‌ಪ್ರಿಂಟಿನೊಂದಿಗೆ ಆದಿಯಿಂದ ಅಂತ್ಯದವರೆಗೆ ತಾಳೆ ನೋಡುವುದು. ಕೊನೆಯ ನಾಲ್ಕು ಅಕ್ಷರ ಹೊಂದಿದರೆ ಸಾಲದು.

ಉಳಿದೆಲ್ಲವನ್ನೂ ತೆರೆಯುವ ಮಾಸ್ಟರ್ ಪಾಸ್‌ವರ್ಡ್‌ಗೆ ಪರಸ್ಪರ ಸಂಬಂಧವಿಲ್ಲದ ಆರೇಳು ಪದಗಳನ್ನು ಸಂಖ್ಯೆ ಕೊಟ್ಟ ಪದಪಟ್ಟಿಯಿಂದ ಡೈಸ್ ಉರುಳಿಸಿ ಆರಿಸಿಕೊಳ್ಳಿ. ಕೀಪಾಸ್‌ಎಕ್ಸ್‌ಸಿಯಲ್ಲಿ ಅದನ್ನು ಮರೆತರೆ ಮರಳಿ ಪಡೆಯುವ ದಾರಿಯಿಲ್ಲವಾದ್ದರಿಂದ, ಕಾಗದದ ಮೇಲೆ ಬರೆದು ಭದ್ರವಾದ ಜಾಗದಲ್ಲಿಡುವುದನ್ನು ನಾನು ತಪ್ಪೆನ್ನುವುದಿಲ್ಲ. ಪಾಸ್‌ವರ್ಡ್‌ಗಳಿರುವ ಕಡತದ ಒಂದು ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿಟ್ಟು, ಹಳೆಯ ಪಾಸ್‌ವರ್ಡ್ ಪಟ್ಟಿಯನ್ನು ಅಳಿಸುವ ಮೊದಲು ಆ ಪ್ರತಿಯನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.